ಲ್ಯಾಪ್‌ಟಾಪ್ ಗಣಕದ ಒಳಗಣ ವಿದ್ಯುನ್ಮೂಲಗಳು: ನಿರಪಾಯವಾದ ಆಯ್ಕೆಯ ವಿಚಾರ

ಬೀದರಿನ ಗಾಂಧಿ ಗಂಜವು ಧಾನ್ಯದ ಪೇಟೆ. ತೊಗರಿ, ಹೆಸರು, ಉದ್ದು, ಕಡಲೆ, ಸೋಯಾಗಳ ಚೀಲಗಳು ಬಂದಿಳಿಯುವ ಇಂತಹ ಪೇಟೆಯ ಅಂಗಡಿಗಳಲ್ಲಿ ಲೆಕ್ಕದ ಪುಸ್ತಕದ ಪಕ್ಕದಲ್ಲಿಯೇ ಈಗ ಲ್ಯಾಪ್‌ಟಾಪ್ ಗಣಕಕ್ಕೂ ಸ್ಥಾನವು ದೊರೆತಿದೆ. ಯಂತ್ರವು ಹಳೆಯದಾದಾಗ ಅದನ್ನು ಎಸೆಯದೆ, ಅದಕ್ಕೇ ಹೊಸ ಅಂಗಗಳನ್ನು ಜೋಡಿಸಿ ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬೇಕೆಂಬ ಅಪೇಕ್ಷೆಯು ವರ್ತಕನಿಗೆ ಸಹಜವಾದುದು. ಓಲೆಗರಿಗಳ ಛಾಯಾಚಿತ್ರಗಳನ್ನೂ ನಿಘಂಟುಗಳನ್ನೂ ಗಣಕದಲ್ಲಿ ಕೂಡಿಟ್ಟುಕೊಂಡಿರುವ ಅಧ್ಯಾಪಕನಿಗೂ ಈ ಅಪೇಕ್ಷೆಯುಂಟು. ಒಬ್ಬನು ಕೀಲಿಮಣೆಯ ಮೇಲೆ ಬೆಳಕು ಬೀಳುವಂತೆ ಸಣ್ಣ ದೀಪವನ್ನು ಹುದುಗಿಸಬಯಸುವನು. ಮತ್ತೊಬ್ಬನು ನಿಸ್ತಂತು ಸಂಪರ್ಕದ ಬಿಲ್ಲೆಯನ್ನು ಹೊರಗೆ ಚಾಚಿಕೊಂಡಿರದಂತೆ ಒಳಗೇ ಅಡಗಿಸಬಯಸುವನು. ಹೀಗೆ ಒಳಸೇರಿದ ಅಂಗವು ಎಲ್ಲಿಂದ ವಿದ್ಯುತ್ತನ್ನು ಪಡೆಯಬೇಕು, ಯಾವ ಮೂಲವು ನಿರಪಾಯವಾದುದು, ಯಾವುದು ಅಪಾಯಕರವಾದುದು ಎಂಬುದೇ ಈ ಲೇಖನದ ವಿಷಯ.

೧. ಎರಡು ಮಾತುಗಳ ಭೇದ

ವಿಷಯಪ್ರವೇಶಕ್ಕೆ ಮುಂಚೆ ಭಾಷೆಗೆ ಸಂಬಂಧಿಸಿದ ಒಂದು ತೊಡಕನ್ನು ಬಿಡಿಸಬೇಕಾಗಿದೆ. ಬಳಕೆಯ ಕನ್ನಡದಲ್ಲಿ ‘ಕರೆಂಟು’ ಎಂಬ ಒಂದೇ ಶಬ್ದವು ವಿದ್ಯುತ್ತು, ಅದರ ಒತ್ತಡ, ಅದರ ಪ್ರವಾಹ, ಅದರ ಸರಬರಾಜು ಎಂಬ ನಾಲ್ಕು ಅರ್ಥಗಳನ್ನೂ ಹೊರುತ್ತದೆ. ಮನೆಯ ಮಾತಿಗೆ ಇದರಿಂದ ಬಾಧಕವಿಲ್ಲ. ಯಂತ್ರವನ್ನು ಬಿಚ್ಚಿ ಕುಳಿತವನಿಗೆ ಮಾತ್ರ ಈ ಅರ್ಥಸಂಕರವು ಕೇಡನ್ನು ತರಬಲ್ಲುದು. ಒತ್ತಡವೆಂದರೆ ವಿದ್ಯುತ್ತನ್ನು ನೂಕುವ ಬಲ. ಇದರ ಮಾನವು ವೋಲ್ಟು. ಪ್ರವಾಹವೆಂದರೆ ಒಂದು ಕ್ಷಣದಲ್ಲಿ ಹರಿಯುವ ಮೊತ್ತ. ಇದರ ಮಾನವು ಆಂಪಿಯರು. ಇವೆರಡರ ಗುಣಲಬ್ಧವೇ ಸಾಮರ್ಥ್ಯ. ಇದರ ಮಾನವು ವ್ಯಾಟು. ಒಂದು ತುದಿಯಲ್ಲಿ ೫ ವೋಲ್ಟು ತೋರಿದೊಡನೆ ‘ಇಲ್ಲಿ ಬೇಕಾದಷ್ಟು ಕರೆಂಟು ಇದೆ’ ಎಂದು ತೀರ್ಮಾನಿಸುವವನು ಒತ್ತಡವನ್ನು ಅಳೆದು ಪ್ರವಾಹವನ್ನು ಊಹಿಸಿದನು. ಆ ತುದಿಯು ಹತ್ತನೆಯ ಒಂದು ಆಂಪಿಯರಿಗಾಗಿ ರಚಿತವಾದುದಾಗಿರಬಹುದು. ಅದರಿಂದ ಅರ್ಧ ಆಂಪಿಯರನ್ನು ಸೆಳೆದರೆ ಎಳೆಯಷ್ಟು ತೆಳುವಾದ ತಾಮ್ರದ ಹಾದಿಯು ಸುಟ್ಟುಹೋಗಬಹುದು.

೨. ಒಡಲಿನಲ್ಲಿ ವಿದ್ಯುತ್ತಿನ ಹಾದಿ

೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ದೂರದ ಸಾಗಣೆಗೆ ಒತ್ತಡವು ಹೆಚ್ಚಾಗಿರಬೇಕು, ಬಳಕೆಯ ಸ್ಥಳದಲ್ಲಿ ಕಡಮೆಯಾಗಿರಬೇಕು; ಆದಕಾರಣ ಒತ್ತಡವನ್ನು ಏರಿಸುವ ಮತ್ತು ಇಳಿಸುವ ಉಪಕರಣಗಳು ಅವಶ್ಯವಾದವು. ಲ್ಯಾಪ್‌ಟಾಪಿನ ಒಡಲಿನಲ್ಲಿಯೂ ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಇಂತಹುದೇ ಏರ್ಪಾಡು ಅಂಗುಲಗಳ ಅಳತೆಯಲ್ಲಿ ಇರುವುದು. ಗೋಡೆಯ ೨೩೦ ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನು ಹೊರಗಣ ಅಡಾಪ್ಟರು ಸುಮಾರು ೧೯ ವೋಲ್ಟುಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಅದು ಒಂದು ಕಡೆ ಬ್ಯಾಟರಿಯನ್ನು ತುಂಬಿಸುತ್ತದೆ. ಇನ್ನೊಂದು ಕಡೆ ಮದರ್‌ಬೋರ್ಡಿನ ಪರಿವರ್ತಕಗಳಿಗೆ ಆಹಾರವಾಗುತ್ತದೆ. ಈ ಪರಿವರ್ತಕಗಳು ೫ ವೋಲ್ಟು, ೩.೩ ವೋಲ್ಟು ಎಂಬ ಎರಡು ಮುಖ್ಯ ಕಾಲುವೆಗಳನ್ನು ಸಿದ್ಧಪಡಿಸುತ್ತವೆ. ಗಣನೆಯ ಕೇಂದ್ರವಾದ ಪ್ರೊಸೆಸರಿಗೆ ಸುಮಾರು ೧ ವೋಲ್ಟಿನ ಬೇರೊಂದು ಕಾಲುವೆಯುಂಟು. ಅಲ್ಲಿ ಒತ್ತಡವು ಅಲ್ಪವಾದರೂ ಪ್ರವಾಹವು ಹತ್ತಾರು ಆಂಪಿಯರುಗಳಷ್ಟಾಗಬಹುದು.

ಈ ಕಾಲುವೆಗಳಲ್ಲಿಯೂ ಎರಡು ಬಗೆಗಳಿವೆ. ಕೆಲವು, ಯಂತ್ರವನ್ನು ಆರಿಸಿದ ಮೇಲೂ ಜೀವಂತವಾಗಿರುವುವು; ಗುಂಡಿಯನ್ನು ಒತ್ತಿದೊಡನೆ ಯಂತ್ರವು ಎಚ್ಚರಗೊಳ್ಳುವುದು ಇವುಗಳ ಬಲದಿಂದ. ಮಿಕ್ಕವು ಯಂತ್ರದೊಡನೆ ಹತ್ತಿ ಯಂತ್ರದೊಡನೆ ಆರುವುವು.

೩. ಬ್ಯಾಟರಿಯಿಂದ ನೇರವಾಗಿ ಏಕೆ ಕೂಡದು

ಹೊಸಬನ ಕಣ್ಣು ಮೊದಲು ಬೀಳುವುದು ಬ್ಯಾಟರಿಯ ಮೇಲೆ. ಅದು ಕೈಗೆ ಸಿಕ್ಕುವಂತಿದೆ. ಅದರಲ್ಲಿ ಶಕ್ತಿಯು ತುಂಬಿದೆ. ಆದರೆ ಒಳಗಣ ಮೂಲಗಳಲ್ಲೆಲ್ಲ ಅತ್ಯಂತ ಅಪಾಯಕರವಾದುದು ಇದೇ.

ಮೊದಲನೆಯ ಕಾರಣವು ಒತ್ತಡದ ಅಸ್ಥಿರತೆ. ಲಿಥಿಯಂ ಅಯಾನು ಕೋಶವೊಂದರ ಒತ್ತಡವು ಸಾಮಾನ್ಯವಾಗಿ ತುಂಬಿದಾಗ ೪.೨ ವೋಲ್ಟು, ಬರಿದಾಗುವಾಗ ಸುಮಾರು ೩ ವೋಲ್ಟು. ಮೂರು ಕೋಶಗಳನ್ನು ಒಂದರ ಹಿಂದೊಂದು ಸೇರಿಸಿದ ಬ್ಯಾಟರಿಯು ೧೨.೬ರಿಂದ ೯ ವೋಲ್ಟುಗಳವರೆಗೆ ಇಳಿಯುತ್ತ ಹೋಗುವುದು. ನಿಯತವಾದ ಒತ್ತಡವನ್ನು ಬೇಡುವ ಅಂಗಕ್ಕೆ ಇದು ಹೊಂದದು.

ಎರಡನೆಯದು ಕೋಶಗಳ ಸಮತೆ. ಅಲ್ಪ ಒತ್ತಡವು ಸಾಕೆಂದು ಮೂರರಲ್ಲಿ ಒಂದೇ ಕೋಶದಿಂದ ವಿದ್ಯುತ್ತನ್ನು ಸೆಳೆದರೆ, ಒಂದೇ ನೊಗದ ಎತ್ತುಗಳಲ್ಲಿ ಒಂದಕ್ಕೆ ಮಾತ್ರ ಇಮ್ಮಡಿ ದುಡಿಮೆಯನ್ನು ಹೊರಿಸಿದಂತಾಗುವುದು. ಅದು ಮಿಕ್ಕವುಗಳಿಗಿಂತ ಮುಂಚೆ ಬರಿದಾಗಿ ಕೆಡುವುದು. ತುಂಬಿಸುವಾಗ ಉಳಿದೆರಡು ಕೋಶಗಳು ಮಿತಿಯನ್ನು ಮೀರುವ ಭಯವುಂಟು. ಬ್ಯಾಟರಿಯೊಳಗಿನ ರಕ್ಷಣಾ ಮಂಡಲವು ಇದನ್ನು ಕಂಡುಹಿಡಿದರೆ ಬ್ಯಾಟರಿಯನ್ನೇ ಸ್ತಬ್ಧಗೊಳಿಸಬಹುದು.

ಮೂರನೆಯದು ಬೆಂಕಿ. ರಕ್ಷಣಾ ಮಂಡಲವನ್ನು ತಪ್ಪಿಸಿ ಕೋಶಕ್ಕೇ ತಂತಿಯನ್ನು ಬೆಸೆದಲ್ಲಿ, ಆ ತಂತಿಯ ಹೊದಿಕೆಯು ಸವೆದು ಲೋಹವು ಲೋಹಕ್ಕೆ ತಗುಲಿದೊಡನೆ, ಪ್ರವಾಹವನ್ನು ತಡೆಯುವವರಾರೂ ಇರುವುದಿಲ್ಲ. ಕೋಶವು ಕಾಯುವುದು, ಕಾದಂತೆಲ್ಲ ಒಳಗಣ ರಾಸಾಯನಿಕ ಕ್ರಿಯೆಯು ತಾನೇ ಇನ್ನಷ್ಟು ಶಾಖವನ್ನು ಹುಟ್ಟಿಸುವುದು, ಕೊನೆಗೆ ದಹನಶೀಲವಾದ ಅನಿಲವು ಹೊರಚಿಮ್ಮುವುದು. ಬೆಸುಗೆಯ ಕಾವು ಸಹ ಕೋಶಕ್ಕೆ ಹಾನಿಕರ. ೧೯೯೧ರಲ್ಲಿ ಮಾರುಕಟ್ಟೆಗೆ ಬಂದು, ೨೦೧೯ರಲ್ಲಿ ತನ್ನ ನಿರ್ಮಾತೃಗಳಿಗೆ ನೊಬೆಲ್ ಪಾರಿತೋಷಕವನ್ನು ತಂದ ಈ ಕೋಶವು ಮಹೋಪಕಾರಿಯೇ ಸರಿ. ಆದರೆ ಗೋಣಿಯೂ ಕಾಗದವೂ ರಾಶಿಬಿದ್ದಿರುವ ಅಂಗಡಿಯಲ್ಲಿ, ಬೀದರ ಸೀಮೆಯ ಬೇಸಗೆಯ ಬಿಸಿಲಿನಲ್ಲಿ, ಅದರೊಡನೆ ಸಲಿಗೆಯು ಸಲ್ಲದು.

೪. ಅಡಾಪ್ಟರಿನ ಕಡೆಯ ಮೂಲ

೧೯ ವೋಲ್ಟುಗಳ ಪ್ರವೇಶದ್ವಾರದಿಂದ ವಿದ್ಯುತ್ತನ್ನು ಪಡೆಯಬಹುದಾದರೂ ಅದನ್ನು ಇಳಿಸಬೇಕಾಗುತ್ತದೆ. ಮೇಲಾಗಿ ಅಡಾಪ್ಟರನ್ನು ಕಿತ್ತೊಡನೆ ಆ ಮೂಲವು ಬತ್ತಿಹೋಗುವುದು. ಇಳಿಸುವ ಉಪಾಯಗಳು ಎರಡು. ಸರಳ ನಿಯಂತ್ರಕವು ಹೆಚ್ಚಾದ ಒತ್ತಡವನ್ನು ಶಾಖವಾಗಿ ಕಳೆಯುವುದು. ೫ ವೋಲ್ಟಿನಲ್ಲಿ ಅರ್ಧ ಆಂಪಿಯರು ಬೇಕೆಂದರೆ ಉಪಯೋಗಕ್ಕೆ ಬರುವುದು ೨.೫ ವ್ಯಾಟು; ಶಾಖವಾಗುವುದು ೧೪ ವೋಲ್ಟು ಮತ್ತು ಅರ್ಧ ಆಂಪಿಯರಿನ ಗುಣಲಬ್ಧ, ಎಂದರೆ ೭ ವ್ಯಾಟು. ಗಾಳಿಯಾಡದ ಒಡಲಿನಲ್ಲಿ ಇದು ಸಣ್ಣ ಒಲೆಯೇ ಆದೀತು. ಎರಡನೆಯದು ಕ್ಷಣಕ್ಕೆ ಸಾವಿರಾರು ಸಲ ಹತ್ತಿ ಆರುವ ಸ್ವಿಚಿಂಗ್ ಪರಿವರ್ತಕ. ನೂರಕ್ಕೆ ೮೫ರಷ್ಟು ದಕ್ಷತೆಯುಳ್ಳ ಇಂತಹ ಪರಿವರ್ತಕದಲ್ಲಿ ಅದೇ ಕೆಲಸಕ್ಕೆ ವ್ಯರ್ಥವಾಗುವುದು ಅರ್ಧ ವ್ಯಾಟಿಗೂ ಕಡಮೆ. ಅನಿವಾರ್ಯವಾದಾಗ ಈ ಎರಡನೆಯ ಉಪಾಯವೇ ಗ್ರಾಹ್ಯ.

೫. ಯೋಗ್ಯವಾದ ಮೂಲಗಳು

ನಿರಪಾಯವಾದ ಮೂಲಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಬಹುದು: ಒತ್ತಡವು ನಿಯತವಾಗಿರಬೇಕು, ಬೇಕಾದ ಪ್ರವಾಹಕ್ಕೆ ಮೀರಿದ ಅವಕಾಶವಿರಬೇಕು, ಮಿತಿ ಮೀರಿದರೆ ತಾನೇ ತಡೆಯುವ ರಕ್ಷಣೆಯಿರಬೇಕು, ಯಂತ್ರವು ಆರಿದಾಗ ತಾನೂ ಆರಬೇಕು.

ಈ ಲಕ್ಷಣಗಳು ಬಹುಮಟ್ಟಿಗೆ ಕೂಡಿಬರುವುದು ಯು.ಎಸ್.ಬಿ. ದ್ವಾರದಲ್ಲಿ. ಅಪರಿಚಿತವಾದ ಅಂಗಗಳು ಬಂದು ಸೇರಲೆಂದೇ ಅದು ನಿರ್ಮಿತವಾದುದು. ಅದರ ಒತ್ತಡ ೫ ವೋಲ್ಟು. ಎರಡನೆಯ ಆವೃತ್ತಿಯ ದ್ವಾರವು ೫೦೦ ಮಿಲಿ ಆಂಪಿಯರುಗಳನ್ನೂ ಮೂರನೆಯದು ೯೦೦ ಮಿಲಿ ಆಂಪಿಯರುಗಳನ್ನೂ ಕೊಡುವಂತೆ ನಿಯಮವಿದೆ. ಸಾಮಾನ್ಯವಾಗಿ ಅದರ ಹಿಂದೆ ಪ್ರವಾಹಕ್ಕೆ ಮಿತಿಯನ್ನು ಹಾಕುವ ಉಪಕರಣವಿರುವುದು. ಬಳಕೆಯಲ್ಲಿಲ್ಲದ ದ್ವಾರವೊಂದರ ಒಳಮುಖದಿಂದ ತಂತಿಗಳನ್ನು ಪಡೆಯುವುದು ಮೊದಲನೆಯ ಆಯ್ಕೆಯಾಗಬೇಕು. ಆದರೆ ಕೆಲವು ಯಂತ್ರಗಳಲ್ಲಿ ಒಂದು ದ್ವಾರವು, ಮೊಬೈಲುಗಳನ್ನು ತುಂಬಿಸುವ ಸಲುವಾಗಿ, ಯಂತ್ರವು ಆರಿದಾಗಲೂ ಜೀವಂತವಾಗಿರುವುದುಂಟು. ಅದನ್ನು ಗುರುತಿಸಿ ಬಿಡಬೇಕು.

ಎರಡನೆಯದು ಪರದೆಯ ನೆತ್ತಿಯ ಮೇಲಿನ ಕ್ಯಾಮೆರಾದ ತಂತಿ. ಅನೇಕ ಯಂತ್ರಗಳಲ್ಲಿ ಅದು ಒಳಗಣ ಯು.ಎಸ್.ಬಿ. ಶಾಖೆಯೇ ಆಗಿದೆ. ಕ್ಯಾಮೆರಾ ಬೇಡವಾದವನು ಅದರ ಸ್ಥಾನವನ್ನು ನಿಸ್ತಂತು ಬಿಲ್ಲೆಗೆ ಕೊಡಬಹುದು. ಒತ್ತಡವು ೫ ವೋಲ್ಟೋ ೩.೩ ವೋಲ್ಟೋ ಎಂಬುದನ್ನು ಅಳೆದೇ ತಿಳಿಯಬೇಕು. ಮೂರನೆಯದು ಅಡಕತಟ್ಟೆಯ ಚಾಲಕವಿದ್ದ ಗೂಡು. ಅಲ್ಲಿನ ೫ ವೋಲ್ಟಿನ ಕಾಲುವೆಯು ತಟ್ಟೆಯನ್ನು ತಿರುಗಿಸುವ ಮೋಟಾರಿಗಾಗಿ ಏರ್ಪಟ್ಟುದಾದ್ದರಿಂದ ಧಾರಾಳವಾಗಿದೆ. ಚಾಲಕವನ್ನು ತೆಗೆದ ಮೇಲೆ ಗೂಡೂ ಕಾಲುವೆಯೂ ಎರಡೂ ತೆರವಾಗುವುವು. ನಾಲ್ಕನೆಯದು ಸಣ್ಣ ವಿಸ್ತರಣಾ ಕಾರ್ಡುಗಳ ಸಂದು. ಅಲ್ಲಿ ದೊರೆಯುವುದು ೩.೩ ವೋಲ್ಟು.

೬. ವರ್ಜ್ಯವಾದ ಸ್ಥಳಗಳು

ಬೀಸಣಿಗೆಯ ತಂತಿಯು ಸುಲಭವಾಗಿ ಕೈಗೆ ಸಿಕ್ಕಿದರೂ ವರ್ಜ್ಯ. ಅದರ ವೇಗವನ್ನು ಯಂತ್ರವು ಶಾಖಕ್ಕೆ ಅನುಗುಣವಾಗಿ ಬದಲಿಸುತ್ತಿರುವುದರಿಂದ ಅನೇಕ ಕಡೆ ಅಲ್ಲಿಯ ಒತ್ತಡವು ಏರಿಳಿಯುತ್ತದೆ. ಅಲ್ಲಿಂದ ಕದ್ದ ವಿದ್ಯುತ್ತು ಯಂತ್ರದ ಉಸಿರನ್ನೇ ಕದ್ದಂತೆ. ಪರದೆಯ ಬೆಳಕಿನ ಮಂಡಲವೂ ವರ್ಜ್ಯ. ಪ್ರತಿದೀಪ್ತ ನಳಿಗೆಯಿರುವ ಹಳೆಯ ಪರದೆಗಳಲ್ಲಿ ಆ ಒತ್ತಡವು ನೂರಾರು ವೋಲ್ಟುಗಳಷ್ಟಿದ್ದು ಮುಟ್ಟಿದವನಿಗೆ ಪೆಟ್ಟನ್ನು ಕೊಡುವುದು. ಪ್ರೊಸೆಸರಿನ ಮತ್ತು ಸ್ಮರಣಕೋಶಗಳ ಕಾಲುವೆಗಳು ಅತಿ ಸೂಕ್ಷ್ಮವಾದುವು. ಅಲ್ಲಿ ಒಂದು ಹನಿ ಬೆಸುಗೆಯು ತಪ್ಪಿಬಿದ್ದರೂ ಯಂತ್ರವು ನಿರ್ಜೀವವಾಗಬಹುದು.

೭. ಕ್ರಮ ಮತ್ತು ಉದಾಹರಣೆ

ಕೆಲಸಕ್ಕೆ ತೊಡಗುವ ಮುನ್ನ ಸಂಗ್ರಹಿಸಿದ ಬರಹಗಳೆಲ್ಲಕ್ಕೂ ಪ್ರತಿಯನ್ನು ಬೇರೆಡೆ ಇರಿಸಬೇಕು. ಯಂತ್ರವು ಕೆಟ್ಟರೆ ಇನ್ನೊಂದು ಸಿಕ್ಕೀತು. ಕೆಟ್ಟ ಓಲೆಯ ಚಿತ್ರವು, ಮೂಲದ ಓಲೆಯೇ ಪುಡಿಯಾಗಿದ್ದರೆ, ಮತ್ತೆ ಸಿಕ್ಕದು. ಆ ಬಳಿಕ ಮಲ್ಟಿಮೀಟರಿನಿಂದ ಆಯ್ದ ತುದಿಯನ್ನು ನಾಲ್ಕು ಅವಸ್ಥೆಗಳಲ್ಲಿ ಅಳೆಯಬೇಕು: ಯಂತ್ರವು ನಡೆಯುತ್ತಿರುವಾಗ, ನಿದ್ರಿಸುತ್ತಿರುವಾಗ, ಆರಿರುವಾಗ, ಬ್ಯಾಟರಿಯ ಮೇಲೆ ಮಾತ್ರ ಇರುವಾಗ. ಬರಿಯ ಒತ್ತಡವನ್ನು ನೋಡಿದರೆ ಸಾಲದು. ಬೇಕಾದ ಪ್ರವಾಹವನ್ನು ಸೆಳೆಯುವ ರೋಧಕವೊಂದನ್ನು ತಾತ್ಕಾಲಿಕವಾಗಿ ಸೇರಿಸಿ, ಒತ್ತಡವು ಕುಸಿಯುವುದೋ ಎಂಬುದನ್ನು ಪರೀಕ್ಷಿಸಬೇಕು. ಬೆಸುಗೆಯ ಕಾಲದಲ್ಲಿ ಅಡಾಪ್ಟರನ್ನೂ ಬ್ಯಾಟರಿಯನ್ನೂ ಕಿತ್ತಿರಬೇಕು. ಫ್ಯೂಸು ಅಂಗದ ಬಳಿಯಲ್ಲಿರದೆ ಮೂಲದ ಬಳಿಯಲ್ಲಿಯೇ ಇರಬೇಕು. ಏಕೆಂದರೆ ನಡುವಣ ತಂತಿಯು ಎಲ್ಲಿ ಸವೆದರೂ ಅದು ಕಾಯುವಂತಾಗಬೇಕು. ಮುಚ್ಚಳದ ಕೀಲಿನ ಮೂಲಕ ಹಾಯುವ ತಂತಿಯು ಸಾವಿರಾರು ಸಲ ಬಾಗುವುದರಿಂದ ಅಲ್ಲಿ ಎಳೆಗಳುಳ್ಳ ಮೆದು ತಂತಿಯೇ ತಕ್ಕುದು.

ಗಂಜದ ಅಂಗಡಿಯ ದೀಪವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಿಳಿಯ ಎಲ್.ಇ.ಡಿ. ಒಂದಕ್ಕೆ ಸುಮಾರು ೩.೨ ವೋಲ್ಟು, ೨೦ ಮಿಲಿ ಆಂಪಿಯರು ಬೇಕು. ೫ ವೋಲ್ಟಿನ ಮೂಲದಲ್ಲಿ ಉಳಿಯುವ ೧.೮ ವೋಲ್ಟನ್ನು ರೋಧಕವು ಹೊರಬೇಕು, ೧.೮ನ್ನು ೦.೦೨ರಿಂದ ಭಾಗಿಸಿದರೆ ೯೦ ಓಂ. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ೧೦೦ ಓಂ ರೋಧಕವನ್ನು ಹಾಕಿದರೆ ಪ್ರವಾಹವು ೧೮ ಮಿಲಿ ಆಂಪಿಯರು, ಬೆಳಕಿಗೆ ಕೊರತೆಯಿಲ್ಲ. ಇಂತಹ ನಾಲ್ಕು ದೀಪಗಳಿಗೂ ಒಟ್ಟು ೭೨ ಮಿಲಿ ಆಂಪಿಯರು ಮಾತ್ರ. ದ್ವಾರದ ೫೦೦ರ ಮಿತಿಗೆ ಇದು ಬಹು ಕೆಳಗಿದೆ.

ವೆಚ್ಚದ ಲೆಕ್ಕವನ್ನೂ ಮರೆಯಬಾರದು. ೪೮ ವ್ಯಾಟ್-ಗಂಟೆಗಳ ಬ್ಯಾಟರಿಯು ೧೨ ವ್ಯಾಟು ಸೆಳೆಯುವ ಯಂತ್ರವನ್ನು ೪ ಗಂಟೆ ನಡೆಸುವುದು. ಒಂದು ವ್ಯಾಟಿನ ಅಂಗವು ಸೇರಿದರೆ ಕಾಲವು ಸುಮಾರು ೧೮ ನಿಮಿಷ ಕುಗ್ಗುವುದು. ಯಂತ್ರವು ಆರಿದಾಗಲೂ ಜೀವಂತವಾಗಿರುವ ಕಾಲುವೆಗೆ ಹತ್ತನೆಯ ಒಂದು ವ್ಯಾಟಿನ ಅಂಗವನ್ನು ಸೇರಿಸಿ ಯಂತ್ರವನ್ನು ಮುಚ್ಚಿಟ್ಟರೆ, ತುಂಬಿದ ಬ್ಯಾಟರಿಯು ೨೦ ದಿನಗಳಲ್ಲಿ ಬರಿದಾಗುವುದು. ಬೇಸಗೆಯ ರಜೆಯಿಂದ ಮರಳಿದ ಅಧ್ಯಾಪಕನಿಗೆ ಕೆಟ್ಟ ಬ್ಯಾಟರಿಯು ಕಾದಿರುವುದು.

೮. ಉಪಸಂಹಾರ

ಬೀದರಿನ ನೌಬಾದಿನಲ್ಲಿ ಬಹಮನೀ ಅರಸರ ಕಾಲದ ಸುರಂಗ ಬಾವಿಯೊಂದಿದೆ. ನೆಲದೊಳಗೆ ಹರಿಯುವ ನೀರಿನ ಆ ಕಾಲುವೆಯ ಮೇಲೆ ಅಲ್ಲಲ್ಲಿ ನೆಲದ ಮಟ್ಟದವರೆಗೂ ಬಾವಿಯಂತಹ ಬಾಯಿಗಳನ್ನು ತೆರೆದಿದ್ದಾರೆ. ಒಳಹರಿವನ್ನು ಮುಟ್ಟಬೇಕಾದವನಿಗೆ ಆ ಬಾಯಿಗಳೇ ದಾರಿ. ಸುರಂಗದ ಗೋಡೆಯನ್ನು ಕಂಡಲ್ಲಿ ಕಡಿದರೆ ಹರಿವೇ ಕೆಡುವುದು. ಲ್ಯಾಪ್‌ಟಾಪಿನ ಒಡಲಿಗೂ ಈ ನ್ಯಾಯವು ಸಲ್ಲುತ್ತದೆ. ನಿರ್ಮಾತೃವು ತೆರೆದಿಟ್ಟ ಬಾಯಿಗಳಲ್ಲಿ ಪಡೆದ ವಿದ್ಯುತ್ತು ನಿರಪಾಯವಾದುದು.

೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೇ ಮೊದಲಾದವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಶಾಸ್ತ್ರವಿಷಯಗಳಿಗೆ ಕನ್ನಡದ ಮಾತುಗಳನ್ನು ಹುಡುಕಿದರು. ಆ ಶ್ರಮವು ಪಂಡಿತರ ವಿನೋದವೆಂದು ತೋರಬಹುದು. ಆದರೆ ಒತ್ತಡ, ಪ್ರವಾಹ ಎಂಬ ಎರಡು ಮಾತುಗಳು ಬೇರೆ ಬೇರೆಯಾಗಿ ನಾಲಗೆಯ ಮೇಲೆ ನಿಂತಲ್ಲಿ, ಬೆಸುಗೆಯ ಕೋಲನ್ನು ಹಿಡಿದ ಕೈಯು ತಪ್ಪುವುದು ಕಡಮೆಯಾಗುತ್ತದೆ. ಪರಿಭಾಷೆಯ ಬೆಲೆಯನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕಾದ ಅಧ್ಯಾಪಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯು ದುರ್ಲಭ.