ಹತ್ತೊಂಬತ್ತು ಪಿನ್ನುಗಳ ಸಂಭಾಷಣೆ

ಟೆಲಿವಿಷನ್, ಡಿಸ್ಕ್ ಪ್ಲೇಯರ್, ಧ್ವನಿಪೆಟ್ಟಿಗೆಗಳನ್ನು ನಡೆಸುವ ರಿಸೀವರ್ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಯಾವುದರಲ್ಲಿಯೂ ದೋಷ ಕಾಣದೆ, ಮೂರನ್ನೂ ಜೋಡಿಸಿದೊಡನೆ ಮಾತ್ರ ಪರದೆ ಕಪ್ಪಾಗಿ ನಿಂತುಬಿಡುವ ಸಂಕಟವನ್ನು ಅನುಭವಿಸಿದವರು ಅನೇಕರುಂಟು. ಕಳೆದ ದೀಪಾವಳಿಯ ರಾತ್ರಿ ನೆಂಟರೆಲ್ಲರೂ ಚಲನಚಿತ್ರ ನೋಡಲೆಂದು ಕುಳಿತಿದ್ದಾಗ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಕೇಬಲನ್ನು ಕಿತ್ತು ಮತ್ತೆ ಸಿಕ್ಕಿಸುವುದರಲ್ಲಿ ಗಂಟೆ ಕಳೆದು ಮಕ್ಕಳು ಕುಳಿತಲ್ಲಿಯೇ ನಿದ್ದೆಹೋದರು. ಕೆಟ್ಟಿದ್ದುದು ಯಂತ್ರವಲ್ಲ, ಯಂತ್ರಗಳ ನಡುವಣ ಸಂಭಾಷಣೆ ಎಂಬುದು ಆಮೇಲೆ ತಿಳಿಯಿತು.

2002ರಲ್ಲಿ ಏಳು ಕಂಪನಿಗಳು ಕೂಡಿ ರೂಪಿಸಿದ ಎಚ್‌ಡಿಎಂಐ ಜೋಡಣೆಯಲ್ಲಿ 19 ಪಿನ್ನುಗಳಿವೆ. ಅವುಗಳಲ್ಲಿ 12 ಚಿತ್ರವನ್ನೂ ಧ್ವನಿಯನ್ನೂ ಹೊರುವುದಕ್ಕಾಗಿ ಮೀಸಲು. ಚಿತ್ರ ಮೂಡುವುದಕ್ಕೆ ಮುಂಚಿನ ಮಾತುಕತೆಯೆಲ್ಲವೂ ಉಳಿದವುಗಳ ಮೇಲೆ ನಡೆಯುತ್ತದೆ. ಪ್ಲೇಯರ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ವಿದ್ಯುತ್ತನ್ನು ಕಳುಹಿಸಿ ತನ್ನ ಆಗಮನವನ್ನು ಸೂಚಿಸುತ್ತದೆ. ಟೆಲಿವಿಷನ್ 19ನೆಯದರಲ್ಲಿ ಉತ್ತರ ಕೊಡುತ್ತದೆ. ತರುವಾಯ ಪ್ಲೇಯರ್, 128 ಬೈಟುಗಳ ಖಂಡಗಳಲ್ಲಿ ಬರೆದಿಟ್ಟಿರುವ ಇಡಿಐಡಿ ಎಂಬ ಪರಿಚಯಪತ್ರವನ್ನು ಓದಿ, ಎದುರಿನ ಪರದೆಯು ಯಾವ ಯಾವ ಚಿತ್ರಪ್ರಮಾಣಗಳನ್ನು ಸ್ವೀಕರಿಸಬಲ್ಲುದೆಂಬುದನ್ನು ಅರಿತುಕೊಳ್ಳುತ್ತದೆ. ನಡುವೆ ರಿಸೀವರ್ ಇದ್ದರೆ ಅದು ದುಭಾಷಿಯಂತೆ ಟೆಲಿವಿಷನ್ನಿನ ಪತ್ರವನ್ನು ಓದಿ, ಧ್ವನಿಯ ಭಾಗದಲ್ಲಿ ತನ್ನ ಸಾಮರ್ಥ್ಯವನ್ನು ಸೇರಿಸಿ, ಪ್ಲೇಯರಿನ ಮುಂದಿಡಬೇಕಾಗುತ್ತದೆ. ಟೆಲಿವಿಷನ್ ಇನ್ನೂ ಪೂರ್ತಿಯಾಗಿ ಎಚ್ಚರಗೊಳ್ಳದಿರುವಾಗಲೇ ಈ ಕಾರ್ಯ ನಡೆದರೆ ಅಪೂರ್ಣವಾದ ಪತ್ರವೇ ಮುಂದೆ ಹೋಗುವ ಸಂಭವವುಂಟು. ಮೊದಲು ಟೆಲಿವಿಷನ್, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್ ಎಂಬ ಕ್ರಮದಲ್ಲಿ ಸ್ವಿಚ್ಚು ಹಾಕಿದರೆ ಅನೇಕ ತೊಂದರೆಗಳು ತಾವಾಗಿಯೇ ಕಳೆಯುವುದು ಇದರಿಂದಲೇ.

ಇದಾದ ಮೇಲೆ ಕಳ್ಳಪ್ರತಿಗಳನ್ನು ತಡೆಯಲೆಂದು ಇಂಟೆಲ್ ಕಂಪನಿ ನಿರ್ಮಿಸಿದ ಎಚ್‌ಡಿಸಿಪಿ ಎಂಬ ರಹಸ್ಯಸಂಕೇತದ ಪರೀಕ್ಷೆಯಿದೆ. ಸರಪಳಿಯ ಪ್ರತಿಯೊಂದು ಯಂತ್ರವೂ ಇದರಲ್ಲಿ ತೇರ್ಗಡೆಯಾಗಬೇಕು. ಫೋರ್‌ಕೆ ಚಿತ್ರಗಳು ಸಾಮಾನ್ಯವಾಗಿ ಇದರ 2.2ನೆಯ ಆವೃತ್ತಿಯನ್ನು ಅಪೇಕ್ಷಿಸುತ್ತವೆ. ನಮ್ಮ ಪ್ಲೇಯರ್, ಟೆಲಿವಿಷನ್ ಎರಡೂ ಹೊಸವಾಗಿದ್ದರೂ ನಡುವಿನ ಹಳೆಯ ರಿಸೀವರ್ 1.4ನೆಯದನ್ನು ಮಾತ್ರ ಬಲ್ಲುದಾಗಿದ್ದರಿಂದ ದಾರಿ ಅಲ್ಲಿಗೇ ಮುಚ್ಚಿಹೋಗಿತ್ತು. ಹಣ ಕೊಟ್ಟು ಡಿಸ್ಕನ್ನು ಕೊಂಡ ಪ್ರಾಮಾಣಿಕನಿಗೇ ಈ ಕಾವಲು ಹೆಚ್ಚು ತೊಡಕಾಗುವುದು ನನಗೆ ನ್ಯಾಯವೆಂದು ತೋರುವುದಿಲ್ಲ.

ಒಂದು ಯಂತ್ರ ಇನ್ನೊಂದಕ್ಕೆ ಆಜ್ಞೆ ಕೊಡಲೆಂದು 13ನೆಯ ಪಿನ್ನಿನಲ್ಲಿ ಸಿಇಸಿ ಎಂಬ ಏರ್ಪಾಡೂ ಇದೆ. ಅದರ ವೇಗ ಸೆಕೆಂಡಿಗೆ ಸುಮಾರು 400 ಬಿಟ್ ಮಾತ್ರ. ಇದನ್ನೇ ಸೋನಿಯವರು ಬ್ರಾವಿಯಾ ಸಿಂಕ್ ಎಂದೂ, ಎಲ್‌ಜಿಯವರು ಸಿಂಪ್ಲಿಂಕ್ ಎಂದೂ, ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಎಂದೂ ಕರೆಯುವುದರಿಂದ, ಇವೆಲ್ಲವೂ ಒಂದೇ ವಸ್ತುವೆಂಬುದು ಕೊಳ್ಳುವವನಿಗೆ ತಿಳಿಯುವುದೇ ಇಲ್ಲ. ಇದಕ್ಕೆ ಎಲ್ಲರೂ ಒಂದೇ ಹೆಸರಿಡಬೇಕಾಗಿತ್ತು.

ನಮ್ಮ ಮನೆಯ ಪರಿಹಾರ ಸರಳವಾಗಿತ್ತು. ಪ್ಲೇಯರನ್ನು ನೇರವಾಗಿ ಟೆಲಿವಿಷನ್ನಿಗೇ ಜೋಡಿಸಿ, 2009ರ ಎಚ್‌ಡಿಎಂಐ 1.4ರೊಡನೆ ಬಂದ ಎಆರ್‌ಸಿ ಎಂಬ ಮರುದಾರಿಯಿಂದ ಧ್ವನಿಯನ್ನಷ್ಟೇ ರಿಸೀವರಿಗೆ ಕಳುಹಿಸಿದೆವು. ಧ್ವನಿಯ ಶ್ರೇಷ್ಠತೆ ಕಿಂಚಿತ್ ಕುಗ್ಗಿತಾದರೂ ಚಿತ್ರ ಬಂತು. ನಿಮ್ಮ ಮನೆಯಲ್ಲಿಯೂ ಹೀಗಾದರೆ, ಹಳೆಯ ರಿಸೀವರನ್ನು ಗುಜರಿಗೆ ಹಾಕುವ ಮುನ್ನ, ಆ ಒಂದು ಕೇಬಲಿನ ಸ್ಥಾನವನ್ನು ದಯವಿಟ್ಟು ಬದಲಾಯಿಸಿ ನೋಡಿರಿ.