ಶೆಟ್ಟಿಹಳ್ಳಿಯ ಹಳೆಯ ಚರ್ಚಿನವರೆಗೆ ಒಂದು ನಡಿಗೆ

ನಮ್ಮ ಸಂಘದ ಕಛೇರಿಗೆ ವರ್ಷವಿಡೀ ಸದಸ್ಯತ್ವದ ಅರ್ಜಿಗಳು ಬರುತ್ತಿರುತ್ತವೆ. ಅರ್ಜಿಯ ಜೊತೆ ಪಹಣಿ ಇರಬೇಕು, ಪಹಣಿಯಲ್ಲಿ ಅರ್ಜಿದಾರರ ಹೆಸರಿರಬೇಕು. ಇಲ್ಲದಿದ್ದರೆ ಒಂದು ಒಕ್ಕಣೆ ಬರೆದು ಅರ್ಜಿಯನ್ನು ಹಿಂದಕ್ಕೆ ಕಳುಹಿಸುತ್ತೇವೆ. ಇದರಲ್ಲಿ ಯಾರ ಮೇಲೂ ದ್ವೇಷವಿಲ್ಲ, ಯಾರ ಮೇಲೂ ಪ್ರೀತಿಯೂ ಇಲ್ಲ. ಕಾರ್ಯದರ್ಶಿಯ ಕೆಲಸವೇ ಹಾಗೆ.

ಹೀಗೆ ಒಬ್ಬ ಬೆಳೆಗಾರರ ಅರ್ಜಿಯನ್ನು ನಾವು ಎರಡು ಸಲ ಹಿಂದಿರುಗಿಸಿದ್ದೆವು. ಅವರದು ಮೂರು ಎಕರೆಯ ಹಿಡುವಳಿ. ಅಡಿಕೆ, ನಡುವೆ ಒಂದಿಷ್ಟು ರೊಬಸ್ಟಾ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ತೋಟ ಅಚ್ಚುಕಟ್ಟಾಗಿದೆ. ಆದರೆ ಜಮೀನು ಹೇಮಾವತಿ ಮುಳುಗಡೆಯವರಿಗೆಂದು ಅವರ ತಂದೆಗೆ ಮಂಜೂರಾದದ್ದು. ತಂದೆ ತೀರಿಕೊಂಡಿದ್ದಾರೆ. ಪೌತಿ ಖಾತೆಯಾಗಿಲ್ಲ, ಪೋಡಿಯೂ ಆಗಿಲ್ಲ. ಎರಡನೆಯ ಸಲ ಕಾಗದವನ್ನು ಕೈಗೆ ಕೊಟ್ಟಾಗ ಅವರು ಬೇಸರವನ್ನೇನೂ ತೋರಿಸದೆ, “ಸಾರ್, ನೀವು ನಮ್ಮೂರು ನೋಡಿದ್ದೀರಾ?” ಎಂದು ಕೇಳಿದರು. ಯಾವ ಊರೆಂದು ನಾವು ವಿಚಾರಿಸಿದೆವು. “ಶೆಟ್ಟಿಹಳ್ಳಿ. ನೀರಿನೊಳಗಿದೆಯಲ್ಲ, ಚರ್ಚಿರೋ ಜಾಗ” ಎಂದರು.

ನೋಡಿರಲಿಲ್ಲ. ಕಾರ್ತಿಕದಲ್ಲಿ ಅರ್ಧ ಮುಳುಗಿ ನಿಂತ ಆ ಕಟ್ಟಡದ ಚಿತ್ರವನ್ನು ಕ್ಯಾಲೆಂಡರಿನಲ್ಲೂ ಮೊಬೈಲಿನಲ್ಲೂ ಸದಸ್ಯ ಬಾಂಧವರು ಕಂಡಿರುತ್ತೀರಿ. ನಾವೂ ಅಷ್ಟನ್ನೇ ಕಂಡಿದ್ದೆವು. ಹೀಗಾಗಿ ಶಿವರಾತ್ರಿ ಕಳೆದ ಒಂದು ಭಾನುವಾರ, ಅವರು ಬೆಳಗಿನ ಪೂಜೆ ಮುಗಿಸಿಕೊಂಡು ಬಂದ ಮೇಲೆ, ಇಬ್ಬರೂ ಹೊರಟೆವು.

ಏರಿಯ ಮೇಲಿನ ನೆನಪು

ಅರಕಲಗೂಡು ದಾಟಿ ಗೊರೂರಿನ ಬಳಿ ಬಂದಾಗ ಅಣೆಕಟ್ಟು ಕಾಣಿಸಿತು. ಹಳ್ಳಿಯ ಬದುಕನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಅದು. ಅಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿಯುವಾಗ ನಮಗೆ ಹಳೆಯದೊಂದು ನೆನಪಾಯಿತು. ಅಣೆಕಟ್ಟು ಪೂರ್ಣವಾದದ್ದು 1979ರಲ್ಲಿ. ಅದಾದ ಸ್ವಲ್ಪ ಕಾಲಕ್ಕೆ ನಮ್ಮ ಶಾಲೆಯ ಮಕ್ಕಳನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಇಲ್ಲಿಗೆ ಕರೆತಂದಿದ್ದರು. ಏರಿಯ ಬದಿಯಲ್ಲಿ ಕೂತು ಪುಳಿಯೋಗರೆ ತಿಂದೆವು. ಮೇಷ್ಟ್ರು ನೀರನ್ನು ತೋರಿಸಿ, “ಇದು ನಿಮ್ಮ ಅನ್ನ ಕಣ್ರೋ” ಎಂದಿದ್ದರು. ಇದನ್ನು ಹೇಳಿದಾಗ ನಮ್ಮ ಜೊತೆಗಾರರು ನಕ್ಕರು. ಅವರು ನಮ್ಮ ಓರಗೆಯವರೇ. “ಅಷ್ಟರಲ್ಲಿ ನಾವು ಮನೆ ಹೆಂಚು ಇಳಿಸಿ ಗಾಡಿಗೆ ಹೇರಿ ಆಗಿತ್ತು ಸಾರ್. ಒಡೀದಂಗೆ ಹುಲ್ಲು ಇಟ್ಕೊಡೋ ಕೆಲಸ ನಂದು” ಎಂದರು.

ಮೇಷ್ಟ್ರು ಹೇಳಿದ್ದೇನೂ ಸುಳ್ಳಲ್ಲ. ರುದ್ರಪಟ್ಟಣದ ಸುತ್ತಿನ ನಾವು ಕಾವೇರಿ ದಂಡೆಯವರು ನಿಜ. ಆದರೆ ನಮ್ಮ ತಾಲ್ಲೂಕಿನ ಎಷ್ಟೋ ತೋಟಗಳಿಗೆ ಹೇಮಾವತಿಯ ಬಲದಂಡೆ ನಾಲೆಗಳೇ ಆಧಾರ. ಅವು ಹೊಳೆನರಸೀಪುರದ ಕಡೆಗೂ ಹೋಗುತ್ತವೆ. ಎಡದಂಡೆಯ ನೀರು ಚನ್ನರಾಯಪಟ್ಟಣದ ಬಾಗೂರು–ನವಿಲೆ ಸುರಂಗದಲ್ಲಿ ಹಾದು ತುಮಕೂರು ಸೀಮೆಗೆ ಇಳಿಯುತ್ತದೆ. ಜಲಾಶಯದಲ್ಲಿ ನಿಲ್ಲುವ ನೀರು ಸುಮಾರು 37 ಟಿ.ಎಂ.ಸಿ. ಪೂರ್ಣ ಮಟ್ಟ 2922 ಅಡಿ. ಆಷಾಢ ಬಂತೆಂದರೆ ನಾವೆಲ್ಲರೂ ಬೆಳಿಗ್ಗೆ ಪತ್ರಿಕೆ ಬಿಚ್ಚಿ ಮೊದಲು ಹುಡುಕುವುದು ಈ ಅಂಕಿಯನ್ನೇ. 2920 ಆಯಿತು, 2921 ಆಯಿತು ಎಂದು ಹಿಗ್ಗುತ್ತೇವೆ.

ಹೂವಿನ ದಾರಿ

ಹಾಸನದಿಂದ ಶೆಟ್ಟಿಹಳ್ಳಿಗೆ ಸುಮಾರು 20 ಕಿ.ಮೀ. ಊರಿನ ಬಳಿ ಗಾಡಿ ಬಿಟ್ಟು ನಡೆಯತೊಡಗಿದೆವು. ಹಿಂಭಾಗದಲ್ಲಿ ರಾಗಿ ಕೊಯ್ದ ಹೊಲಗಳು, ಮುಂದೆ ಇಳಿಜಾರು, ಆಚೆಗೆ ನೀರು. ಹೊಲದ ಬದುವಿನಲ್ಲಿ ಮುತ್ತುಗದ ಮರವೊಂದು ಎಲೆಯೆಲ್ಲ ಉದುರಿಸಿ ಕೆಂಪಗೆ ಹೂ ಹೊತ್ತು ನಿಂತಿತ್ತು. ಬೇಲಿಯಲ್ಲಿ ಲಂಟಾನ, ಅದರಾಚೆ ತಂಗಡಿಯ ಹಳದಿ ಗೊಂಚಲು. ಇಷ್ಟು ನಮ್ಮೂರಿನಲ್ಲೂ ಇದೆ.

ನೀರು ಹಿಂದೆ ಸರಿದ ಬಯಲಿಗೆ ಇಳಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ಗರಿಕೆ ಚಿಗುರಿ ಹಸುರು ಹಾಸಿತ್ತು. ಅದರ ನಡುವೆ ತುಂಬೆಯ ಬಿಳಿ, ನಾಚಿಕೆ ಮುಳ್ಳಿನ ತಿಳಿಗೆಂಪು ಚೆಂಡು, ವಿಷ್ಣುಕ್ರಾಂತಿಯ ನೀಲಿ ಚುಕ್ಕಿ, ನಾಯಿತುಳಸಿಯ ಬೂದು ನೀಲಿ. ಹೊನಗೊನೆ ಸೊಪ್ಪು ತೇವದ ಕಡೆಯೆಲ್ಲ ಹಬ್ಬಿತ್ತು. ಒಂದೊಂದಾಗಿ ನೋಡಿದರೆ ಇವೆಲ್ಲ ನಾವು ಕೂಲಿ ಕೊಟ್ಟು ಕೀಳಿಸುವ ಕಳೆ. ಇಲ್ಲಿ ಎಕರೆಗಟ್ಟಲೆ ಒಟ್ಟಿಗೆ ಅರಳಿದಾಗ ಕಳೆಯೆಂದು ಕರೆಯಲು ಬಾಯಿ ಬರಲಿಲ್ಲ. ತುಂಬೆಯ ಮೇಲೆ ತುಡುವೆ ಜೇನು ಎಡೆಬಿಡದೆ ಆಡುತ್ತಿತ್ತು. ಕಾಫಿ ಹೂ ಬಿಡುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ಜೇನನ್ನು ಸಾಕುವುದು ಇಂಥ ಹೂಗಳೇ. ರೊಬಸ್ಟಾ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ತರಲು ಗಾಳಿಯೋ ಜೇನೋ ಬೇಕು. ಬೇಲಿಯಂಚಿನ ತುಂಬೆಗೂ ಕಳೆನಾಶಕ ಹೊಡೆಯುವ ಮೊದಲು ಒಂದು ಗಳಿಗೆ ಯೋಚಿಸುವುದು ಲೇಸು.

ನಾವು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆವು. ನುಣುಪಾದ ಕಪ್ಪು ಮೆಕ್ಕಲು. ಇದೆಲ್ಲಿಯದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಬೆಟ್ಟದಲ್ಲಿ. ಸಕಲೇಶಪುರದ ಮೇಲೆ ಹಾದು ಇಲ್ಲಿಗೆ ಬರುತ್ತದೆ. ದಾರಿಯುದ್ದಕ್ಕೂ ಕಾಫಿ ತೋಟಗಳು. ತೊಟ್ಟಿಲು ಗುಂಡಿ ತೆಗೆಯದ ಇಳಿಜಾರಿನಿಂದ, ದರಗು ಮುಚ್ಚದ ನೆಲದಿಂದ, ಪ್ರತಿ ಮಳೆಗಾಲವೂ ಕೊಚ್ಚಿಹೋಗುವ ಮೇಲ್ಮಣ್ಣು ಬಂದು ಕೂರುವುದು ಇಂಥ ಕಡೆಯಲ್ಲೇ. ಮೇಲಿನವರ ಮಣ್ಣು ಇಲ್ಲಿ ನಿಂತಿದೆ, ಕೆಳಗಿನ ನಮ್ಮ ನೀರೂ ಇಲ್ಲಿಯೇ ನಿಂತಿದೆ. ನಡುವೆ ಇದ್ದದ್ದು ಊರು.

ಗೋಡೆಯ ಮೇಲಿನ ಗೆರೆ

ಚರ್ಚು ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಮಾಡಿಲ್ಲ. ಚೂಪುಕಮಾನಿನ ಕಿಟಕಿಗಳಲ್ಲಿ ಗಾಜಿಲ್ಲ, ಆಚೆಯ ಆಕಾಶ ಕಾಣುತ್ತದೆ. ಗಾರೆ ಉದುರಿದ ಕಡೆಯಲ್ಲೆಲ್ಲ ಇಟ್ಟಿಗೆ ಹೊರಬಿದ್ದಿದೆ. ಒಳಗೆ ಜನ ಮಂಡಿಯೂರುತ್ತಿದ್ದ ಜಾಗದಲ್ಲಿ ಹುಲ್ಲು, ಹುಲ್ಲಿನಲ್ಲಿ ಅದೇ ಬಿಳಿ ನೀಲಿ ಹೂಗಳು. ಒಂದು ಆಡು ಪೂಜಾಪೀಠವಿದ್ದ ತುದಿಯಲ್ಲಿ ಮೇಯುತ್ತಿತ್ತು.

ಇದು ಜಪಮಾಲೆ ಮಾತೆಯ ಹೆಸರಿನ ದೇವಾಲಯ, ಜನರ ಬಾಯಲ್ಲಿ ರೋಸರಿ ಚರ್ಚು. 1860ರ ಸುಮಾರಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಬ್ಬೆ ದುಬಾಯ್ ಕಟ್ಟಿಸಿದರೆಂದು ಹಲವರು ಹೇಳುತ್ತಾರೆ, ಅದು ಸರಿಹೊಂದುವುದಿಲ್ಲ. ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದ ಆ ಪಾದ್ರಿ 1823ರಲ್ಲೇ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡರು. ಆದರೆ ಈ ಸೀಮೆಯ ಕ್ರೈಸ್ತ ರೈತರ ಮೂಲಕ್ಕೂ ಅವರಿಗೂ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ತಮ್ಮ ಜನರನ್ನು ಒಂದೆಡೆ ಸೇರಿಸಿ, ಹಾಸನದ ಬಳಿ ಸಾಥಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟವರು ಅವರು. ಸಿಡುಬಿಗೆ ದಾಕು ಹಾಕಿಸುವ ಕೆಲಸವನ್ನೂ ಮೈಸೂರು ಸೀಮೆಯಲ್ಲಿ ಮಾಡಿದರು. ಒಮ್ಮೆ ಚದುರಿದವರನ್ನು ಮತ್ತೆ ನೆಲಕ್ಕೆ ಹಚ್ಚುವುದು ಈ ಕಡೆಗೆ ಹೊಸದಲ್ಲ ಎಂಬುದಕ್ಕಾಗಿ ಇದನ್ನು ಬರೆದೆವು.

ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಊರವರ ಮಾತು. ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕುವುದು ನಮ್ಮ ಹಳೆಯ ಮನೆಗಳಲ್ಲೂ ಇದ್ದ ಕ್ರಮವೇ. ಅಂಥ ಗಟ್ಟಿ ಗೋಡೆಯೂ ಈಗ ಬೀಳುತ್ತಿರುವುದೇಕೆ? ಬೇಲಿಗೂಟ ಕೊಳೆಯುವುದು ಎಲ್ಲಿ ಎಂದು ಯೋಚಿಸಿದರೆ ತಿಳಿಯುತ್ತದೆ. ಮಣ್ಣಿನೊಳಗೂ ಅಲ್ಲ, ಮೇಲೂ ಅಲ್ಲ, ನೆನೆದು ಒಣಗಿ ನೆನೆದು ಒಣಗುವ ಮಟ್ಟದಲ್ಲಿ. ಈ ಕಟ್ಟಡಕ್ಕೆ ನಾಲ್ಕು ದಶಕಗಳಿಂದ ಅದೇ ಪಾಡು. ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಬಿಸಿಲು.

ಗೋಡೆಯ ಉದ್ದಕ್ಕೂ, ತಲೆಯ ಮೇಲೆ, ನೀರು ನಿಂತ ಗುರುತು ಗೆರೆ ಎಳೆದಂತೆ ಇತ್ತು. ಕೆಳಗೆ ಕಪ್ಪು, ಮೇಲೆ ಮಾಸಿದ ಬಿಳಿ. ನಾವು ಮುಟ್ಟಲು ಕೈ ಎತ್ತಿದೆವು, ಎಟುಕಲಿಲ್ಲ. ಜೊತೆಗಾರರು, “ಡ್ಯಾಮ್ ತುಂಬಿತು ಅಂತ ನೀವು ಪೇಪರಿನಲ್ಲಿ ಓದ್ತೀರಲ್ಲ ಸಾರ್, ಅದು ಇದೇ” ಎಂದರು.

ಅವರು ಗೋಡೆಯಿಂದ ಹೆಜ್ಜೆ ಎಣಿಸುತ್ತ ಹೋಗಿ ಒಂದು ಕಡೆ ನಿಂತರು. “ಇಲ್ಲಿಂದ ಅಲ್ಲೀತನಕ ಗದ್ದೆ. ಇದು ನಮ್ಮನೆ ಜಗಲಿ. ಅಮ್ಮ ಇಲ್ಲಿ ಕೂತು ಅವರೆಕಾಯಿ ಸುಲೀತಿದ್ರು.” ಅಲ್ಲಿ ಕಾಣುತ್ತಿದ್ದದ್ದು ನಾಚಿಕೆ ಮುಳ್ಳಿನ ಹೂ ಮಾತ್ರ. ಅವರು ಕಾಲಿನಿಂದ ಗಿಡವನ್ನು ಮೆಲ್ಲಗೆ ಸರಿಸಿದರು. ಎಲೆ ಮುಚ್ಚಿಕೊಂಡಿತು. ಕೆಳಗೆ ಒಂದು ಹೆಂಚಿನ ಚೂರು ಇತ್ತು. ಅದನ್ನು ಎತ್ತಿ ಒರೆಸಿ ನೋಡಿ, ಮತ್ತೆ ಅಲ್ಲೇ ಇಟ್ಟರು. “ಇದು ನಾನು ಒಡೆದಿದ್ದೇ ಇರ್ಬೇಕು” ಎಂದು ನಕ್ಕರು.

ಅಷ್ಟರಲ್ಲಿ ನಗರದ ಕಡೆಯ ಯುವಕರ ಗುಂಪೊಂದು ಬಂದು ಗೋಡೆ ಹತ್ತಿ ಚಿತ್ರ ತೆಗೆಸಿಕೊಳ್ಳತೊಡಗಿತು. ಜೊತೆಗಾರರು, “ಇಳೀರಪ್ಪಾ, ಸಡಿಲ ಐತೆ, ಬಿದ್ದೀರಿ” ಎಂದರು. ಗದರಲಿಲ್ಲ. ಕೆಳಗೆ ಬಿದ್ದಿದ್ದ ನಾಲ್ಕಾರು ಸೀಸೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡರು. ಪ್ರತಿ ಸಲ ಬಂದಾಗಲೂ ಹೀಗೆಯೇ ಮಾಡುತ್ತಾರಂತೆ.

ಲೆಕ್ಕದ ಎರಡನೆಯ ಬದಿ

ಹಿಂದಿರುಗುವ ದಾರಿಯಲ್ಲಿ ನಾವು ಹೆಚ್ಚು ಮಾತನಾಡಲಿಲ್ಲ. ಲೆಕ್ಕ ಬರೆಯುವ ಅಭ್ಯಾಸದವರು ನಾವು. ಪುಸ್ತಕದ ಒಂದು ಬದಿಯಲ್ಲಿ ಬಂದದ್ದು, ಇನ್ನೊಂದು ಬದಿಯಲ್ಲಿ ಕೊಟ್ಟದ್ದು. ಹೇಮಾವತಿಯ ವಿಷಯದಲ್ಲಿ ನಾವು ಇಷ್ಟು ವರ್ಷ ಬಂದದ್ದನ್ನು ಮಾತ್ರ ಬರೆದಿದ್ದೇವೆ. ಕಳೆದ ಮಹಾಸಭೆಯಲ್ಲೂ ನಾಲೆಗೆ ಹೆಚ್ಚು ದಿನ ನೀರು ಬಿಡಬೇಕೆಂದು ಠರಾವು ಮಾಡಿದೆವು. ಸರಿಯಾದ ಬೇಡಿಕೆಯೇ. ಅದೇ ವಾರ ಆ ನೀರಿಗೆ ಜಾಗ ಬಿಟ್ಟುಕೊಟ್ಟ ಮನೆಯವರ ಅರ್ಜಿಯನ್ನು, ಕಾಗದ ಸಾಲದೆಂದು, ಹಿಂದಿರುಗಿಸಿದ್ದೆವು. ಎರಡಕ್ಕೂ ಸಹಿ ಹಾಕಿದ ಲೇಖನಿ ಒಂದೇ.

ಮುಳುಗಡೆಯ ಭೂಮಿಯ ತೊಡಕು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಎಚ್.ಆರ್.ಪಿ. ಜಮೀನು ಎಂದರೆ ಸಾಕು, ಗುಮಾಸ್ತರು ಕನ್ನಡಕ ತೆಗೆದಿಡುತ್ತಾರೆ. ಅನರ್ಹರೂ ಆ ಹೆಸರಿನಲ್ಲಿ ಭೂಮಿ ಮಾಡಿಕೊಂಡರೆಂಬ ದೂರುಗಳಿದ್ದು, ನಿಜವಾದ ಸಂತ್ರಸ್ತರೂ ಅನುಮಾನಕ್ಕೆ ಸಿಕ್ಕಿದ್ದಾರೆ. ಆದ್ದರಿಂದ ಸಂಘ ಎಚ್ಚರ ತಪ್ಪಬೇಕೆಂದು ನಾವು ಹೇಳುತ್ತಿಲ್ಲ. ಹಣ ಸದಸ್ಯರದು. ಆದರೆ ಮುಳುಗಡೆ ಸರ್ಟಿಫಿಕೇಟು, ತಂದೆಯ ಹೆಸರಿನ ಸಾಗುವಳಿ ಚೀಟಿ, ಮೂವತ್ತು ವರ್ಷ ವಯಸ್ಸಿನ ಅಡಿಕೆ ಮರಗಳು, ಅಕ್ಕಪಕ್ಕದ ಹಿಡುವಳಿದಾರರಾದ ನಮ್ಮದೇ ಸದಸ್ಯರ ಮಾತು, ಇವೂ ಸಾಕ್ಷಿಗಳೇ. ಬೈಲಾ ಅವಕಾಶ ಕೊಡುವ ಮಟ್ಟಿಗೆ ಇಂಥವರನ್ನು ಸಹ ಸದಸ್ಯರಾಗಿ ಸೇರಿಸಿಕೊಂಡು, ಗೊಬ್ಬರ ಮತ್ತು ಮಾರಾಟದ ಸೌಕರ್ಯವನ್ನಾದರೂ ಕೊಡಬಹುದೇ? ಪೌತಿ ಖಾತೆ, ಪೋಡಿಗಳ ಕಾಗದ ಬರೆದುಕೊಡಲು ಕಛೇರಿಯಲ್ಲಿ ವಾರಕ್ಕೊಂದು ದಿನ ಗೊತ್ತುಮಾಡಬಹುದೇ? ಈ ಎರಡು ವಿಷಯಗಳನ್ನು ಮುಂದಿನ ಆಡಳಿತ ಮಂಡಳಿಯ ಸಭೆಗೆ ಇಡುತ್ತಿದ್ದೇವೆ. ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು, ವಿರೋಧವಿದ್ದರೆ ವಿರೋಧವನ್ನೂ, ಬರೆದು ತಿಳಿಸಬೇಕಾಗಿ ಕೋರುತ್ತೇವೆ.

ಹೋಗಿ ನೋಡಬಯಸುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಚರ್ಚನ್ನು ದೂರದಿಂದ ನೋಡಬಹುದು, ಹತ್ತಿರ ಹೋಗಲಾಗದು. ನೀರು ಇಳಿದ ಮೇಲೆ, ಬೇಸಿಗೆಯ ಮೊದಲ ಭಾಗದಲ್ಲಿ, ನಡೆದುಹೋಗಬಹುದು. ಹೂ ಇರುವುದೂ ಆಗಲೇ. ಮೆಕ್ಕಲು ಮೇಲೆ ಒಣಗಿದಂತೆ ಕಂಡರೂ ನೀರಿನಂಚಿನಲ್ಲಿ ಕಾಲು ಹೂಳುತ್ತದೆ, ಮಕ್ಕಳನ್ನು ಬಿಡಬಾರದು. ಗೋಡೆ ಹತ್ತಬಾರದು. ಒಯ್ದದ್ದನ್ನು ಅಲ್ಲಿ ಬಿಟ್ಟು ಬರಬಾರದು. ಅದು ಒಬ್ಬರ ಮನೆಯಂಗಳ.

ನಮ್ಮ ಜೊತೆಗಾರರನ್ನು ಅವರ ತೋಟದ ಬಳಿ ಇಳಿಸಿದಾಗ ಸಂಜೆಯಾಗಿತ್ತು. ಅರ್ಜಿಯನ್ನು ಮತ್ತೊಮ್ಮೆ ತನ್ನಿ ಎಂದೆವು. “ಪಹಣಿ ಇನ್ನೂ ಆಗಿಲ್ವಲ್ಲ ಸಾರ್” ಎಂದರು. ಇರುವ ಕಾಗದವನ್ನೆಲ್ಲ ತನ್ನಿ, ಕೂತು ನೋಡೋಣ ಎಂದು ಹೇಳಿ ಬಂದೆವು. ಸೋಮವಾರ ಕಛೇರಿ ತೆರೆಯುವ ಮೊದಲೇ ಅವರು ಬಾಗಿಲಲ್ಲಿದ್ದರು.