ಹಳೇ ಆಟೋಮ್ಯಾಟಿಕ್ ಕಾರು: ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ಚೆನ್ನೈನಲ್ಲಿರುವ ಕನ್ನಡಿಗರೇ, ನಿಮ್ಮ ಹಳೇ ಆಟೋಮ್ಯಾಟಿಕ್ ಕಾರು ಗೇರ್ ಬದಲಾಗುವಾಗ ಜಗ್ಗುತ್ತಿದೆಯಾ? ಬೇರೆ ಗೇರ್‌ಬಾಕ್ಸ್ ಹುಡುಕಿಕೊಂಡು ಪುದುಪೇಟೆಯ ಬಿಡಿಭಾಗದ ಅಂಗಡಿಗಳಿಗೆ ಓಡುವ ಮೊದಲು ಇಷ್ಟು ನೋಡಿ.

ಒಂದು, ಗೇರ್‌ಬಾಕ್ಸ್ ಆಯಿಲ್. ಡಿಪ್‌ಸ್ಟಿಕ್ ಇದ್ದರೆ ಗಾಡಿ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಕೈಪಿಡಿ ಹೇಳಿದಂತೆ ಮಟ್ಟ ನೋಡಿ. ಬಿಳಿ ಬಟ್ಟೆಗೆ ಒರೆಸಿ. ತಿಳಿಗೆಂಪು ಬಣ್ಣವಾದರೆ ಒಳ್ಳೆಯದು. ಕಪ್ಪಾಗಿದ್ದು ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಸವೆದಿರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಕಂಡರೆ ನೀರು ಸೇರಿದೆ. ಕೂಡಲೇ ಎಂಜಿನ್ ಆಫ್ ಮಾಡಿ, ಟೋ ಮಾಡಿಸಿ.

2015ರ ಡಿಸೆಂಬರ್ ಪ್ರವಾಹದಲ್ಲಿ, 2023ರ ಮಿಚಾಂಗ್ ಚಂಡಮಾರುತದಲ್ಲಿ ಈ ಊರಿನ ಎಷ್ಟೋ ಕಾರುಗಳು ಮುಳುಗಿದವು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಪರೀಕ್ಷೆ ಬಿಡಲೇಬೇಡಿ. ಮುಳುಗದ ಕಾರಿನಲ್ಲೂ ಆಯಿಲ್‌ಗೆ ನೀರು ಸೇರಿದ್ದರೆ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಸೋರುತ್ತಿರಬಹುದು.

ಎರಡು, ಬ್ರೇಕ್ ಒತ್ತಿ ಹಿಡಿದು ಡಿ, ಆಮೇಲೆ ಆರ್ ಹಾಕಿ. ಗೇರ್ ಹಿಡಿಯಲು ತುಂಬ ತಡವಾದರೆ ಆಯಿಲ್ ಅಥವಾ ಅದರ ಒತ್ತಡ ಕಡಿಮೆ ಇರಬಹುದು. ಢಬ್ ಅಂತ ಹೊಡೆದರೆ ಎಂಜಿನ್ ಮೌಂಟಿಂಗ್ ಮೊದಲು ನೋಡಿಸಿ; ಅದು ಗೇರ್‌ಬಾಕ್ಸ್‌ಗಿಂತ ಬಹಳ ಅಗ್ಗ.

ಮೂರು, ಆರ್‌ಪಿಎಂ ಏರಿದರೂ ವೇಗ ಏರದಿದ್ದರೆ ಗೇರ್ ಸ್ಲಿಪ್ ಆಗುತ್ತಿದೆ. ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಅದು ಲಿಂಪ್ ಮೋಡ್ (ದೋಷ ಕಂಡಾಗ ಕಾರು ತಾನೇ ಹೋಗುವ ರಕ್ಷಣಾ ಸ್ಥಿತಿ) ಇರಬಹುದು. ಸ್ಕ್ಯಾನರ್ ಹಾಕಿಸಿ. ಪಿ0700 ಎಂಬ ಕೋಡ್ ಬರೀ ಎಚ್ಚರಿಕೆ. ನಿಜವಾದ ಕಾರಣ ಟ್ರಾನ್ಸ್‌ಮಿಷನ್ ಕಂಪ್ಯೂಟರ್‌ನ ಕೋಡ್‌ನಲ್ಲಿರುತ್ತದೆ. ಸೊಲೆನಾಯ್ಡ್, ಸೆನ್ಸರ್, ವೈರಿಂಗ್ ದೋಷವಾದರೆ ಇಡೀ ಗೇರ್‌ಬಾಕ್ಸ್ ಬದಲಿಸುವ ಅಗತ್ಯವೇ ಬರದಿರಬಹುದು.

ಬಿಚ್ಚಲು ಒಪ್ಪುವ ಮುಂಚೆ ಮೆಕ್ಯಾನಿಕ್ ಹತ್ತಿರ ಕೋಡ್ ಮತ್ತು ಕಾರಣ ಎರಡನ್ನೂ ಬರೆಸಿಕೊಳ್ಳಿ. ಆಯಿಲ್ ಹಾಕಿಸುವಾಗ ಕೈಪಿಡಿಯಲ್ಲಿರುವ ಗ್ರೇಡನ್ನೇ ಕೇಳಿ.